ಸೋಪಕ್ಕ ಬೇಯಿಸಿದ ಮಣ್ಣು

ಆ ಕೀಟ ಸಂಶೋಧನಾ ಕೇಂದ್ರದಲ್ಲಿ ಸೋಪಕ್ಕನ ಕೈಲಿ ಬೈಸಿಕೊಳ್ಳದವರು ಯಾರೂ ಇರಲಿಲ್ಲ. ದೊಡ್ಡ ಸಾಹೇಬರೂ ಬೈಸಿಕೊಂಡಿದ್ದರು. ಹುಳದ ಕೋಣೆಗೆ ಕಾಲಿಡಬೇಕಾದರೆ ಬಾಗಿಲಲ್ಲಿ ಹೊರಗಿನ ಚಪ್ಪಲಿ ಬಿಟ್ಟು ಒಳಗಿನ ರಬ್ಬರ್ ಚಪ್ಪಲಿ ಮೆಟ್ಟಬೇಕು, ಮೊಣಕೈವರೆಗೂ ಸೋಪು ಹಚ್ಚಿ ತೊಳೆಯಬೇಕು, ಅವಳೇ ಕೊಡುವ ಬಟ್ಟೆಯಲ್ಲಿ ಒರೆಸಿಕೊಳ್ಳಬೇಕು. ಒಮ್ಮೆ ದೊಡ್ಡ ಸಾಹೇಬರು ಪರದೇಶದ ಅತಿಥಿಗಳನ್ನು ಕರೆದುಕೊಂಡು ಬಂದು ಬಾಗಿಲಲ್ಲೇ ಭಾಷಣ ಶುರು ಮಾಡಿದಾಗ ಇವಳು ನಡುವೆ ಬಾಯಿ ಹಾಕಿ, "ಸಾರ್, ಮಾತು ಆಮೇಲಾಡಿ, ಮೊದ್ಲು ಕೈ" ಎಂದುಬಿಟ್ಟಳು. ಅತಿಥಿಗಳಿಗೆ ಭಾಷೆ ಬರದಿದ್ದರೂ ವಿಷಯ ಅರ್ಥವಾಗಿ, ಒಬ್ಬರ ಹಿಂದೊಬ್ಬರು ಮಕ್ಕಳ ಹಾಗೆ ನಲ್ಲಿಯ ಮುಂದೆ ಸಾಲು ನಿಂತರು. ಸೋಪಕ್ಕ ಎಂಬ ಹೆಸರು ಬಿದ್ದದ್ದು ಅವತ್ತು. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿತ್ತು, ಅದರ ಗೋಜಿಗೆ ಆಮೇಲೆ ಯಾರೂ ಹೋಗಲಿಲ್ಲ.

ಅವಳು ಅಲ್ಲಿಗೆ ಸೇರಿದ್ದು ಗಾಜಿನ ಸೀಸೆ ತೊಳೆಯುವುದಕ್ಕೆ. ಹುಳದ ಕೋಣೆ ನೋಡಿಕೊಳ್ಳುತ್ತಿದ್ದ ಹಿರಿಯರು ನಿವೃತ್ತರಾದಾಗ ಆ ಜಾಗಕ್ಕೆ ಬರಲು ಎಲ್ಲರೂ ಮೂಗು ಮುರಿದರು. ಮುರಿಯದೆ ಏನು ಮಾಡುತ್ತಾರೆ? ಕಿಟಕಿಯಿಲ್ಲದ ಕೋಣೆ, ಹೀಟರಿನ ಸೆಕೆ, ಗೋಡೆಯಲ್ಲೂ ಬೆವರು, ಅದರ ಮೇಲೆ ತಿಗಣೆಗಳ ಗಬ್ಬು. ಹುಳಕ್ಕೆ ರಜೆಯೂ ಗೊತ್ತಿಲ್ಲ, ಹಬ್ಬವೂ ಗೊತ್ತಿಲ್ಲ, ದಿನಾ ನೀರು ಬೇಕು, ದಿನಾ ಮೇವು ಬೇಕು. ಇವಳು ಬಾಗಿಲಲ್ಲಿ ನಿಂತು ಒಳಗೆ ಇಣುಕಿ, "ಇಷ್ಟು ಗಲೀಜಲ್ಲಿ ಬದುಕಿದಾವಲ್ಲ, ಪಾಪ" ಎಂದಳಂತೆ. ಅಷ್ಟೇ ಅರ್ಹತೆ ಸಾಕಾಯಿತು. ಒಂದು ತಿಂಗಳಲ್ಲಿ ಆ ಕೋಣೆ ಆಸ್ಪತ್ರೆಯ ಆಪರೇಷನ್ ಕೋಣೆಯನ್ನು ನಾಚಿಸುವ ಹಾಗಾಯಿತು. ಟ್ರೇಗಳು ಪಳಪಳ. ಮೇವಿನ ಜೊಂಡು ಬಿಸಿನೀರಲ್ಲಿ ಮಿಂದು, ಒಣಗಿ, ಅಳತೆಗೆ ಕತ್ತರಿಸಿಕೊಂಡು ಒಳಗೆ ಬರಬೇಕು. ಮಣ್ಣು ಯಾವುದೇ ಇರಲಿ, ಓವನ್ನಿನಲ್ಲಿ ಬೆಂದ ಮೇಲೆಯೇ ಪ್ರವೇಶ. ಇದು ಅವಳು ಹುಟ್ಟುಹಾಕಿದ ನಿಯಮವಲ್ಲ, ಕೇಂದ್ರದ್ದೇ ಹಳೆಯ ನಿಯಮ, ಅದನ್ನು ಪಾಲಿಸಿದ ಮೊದಲ ಪ್ರಾಣಿ ಇವಳು.

ಇಂಥವಳಿಗೆ ಗಂಡನಾಗಿ ಸಿಕ್ಕವನನ್ನು ನೋಡಬೇಕಿತ್ತು. ಅವನು ಅದೇ ಕೇಂದ್ರದಲ್ಲಿ ಹೊಲ, ಹಳ್ಳ, ಜವುಗು ಸುತ್ತಿ ಹುಳ ಹಿಡಿದು ತರುವವನು. ಮೊದಲ ಭೇಟಿಯಲ್ಲೇ ಅವಳು ಆಗಷ್ಟೇ ಒರೆಸಿದ್ದ ವರಾಂಡದ ಮೇಲೆ ಮಂಡಿಯವರೆಗಿನ ಕೆಸರಿನಲ್ಲಿ ನಡೆದುಬಂದು, ಹಿಂದೆ ತಿರುಗಿ ತನ್ನ ಹೆಜ್ಜೆಗಳನ್ನೇ ನೋಡಿ, "ಚೆನ್ನಾಗಿ ಮೂಡಿದೆ, ಅಲ್ವಾ?" ಎಂದು ಕೇಳಿದ್ದ. ಅವಳು ಒರೆಸುವ ಕೋಲನ್ನು ಅವನ ಕೈಗೆ ಕೊಟ್ಟು, "ಈಗ ಅಳಿಸಿ" ಎಂದಳು. ಅವನು ಇಡೀ ವರಾಂಡ ಒರೆಸಿದ, ಎಷ್ಟು ಕೆಟ್ಟದಾಗಿ ಒರೆಸಿದನೆಂದರೆ ಅವಳು ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು. ಮದುವೆಯಾದ ಮೇಲೂ ಅದೇ ಕತೆ. ಅವಳು ಸೋಪಕ್ಕ ಆದ ದಿನದಿಂದ ಅವನು ತಾನಾಗಿ ಕೆಸರಣ್ಣ ಆದ. ಗಂಡ ಹೆಂಡಿರಿಗೆ ಅಕ್ಕ ಅಣ್ಣ ಎಂದು ಹೆಸರಿಟ್ಟ ಪುಣ್ಯಾತ್ಮರು ಯಾರೋ, ಇಬ್ಬರಿಗೂ ಅದರಲ್ಲಿ ಬೇಸರವಿರಲಿಲ್ಲ.

ಅವನು ಹೆಚ್ಚಾಗಿ ಹೋಗುತ್ತಿದ್ದುದು ಪೇಟೆಯಾಚೆಗಿನ ಒಂದು ಜವುಗಿಗೆ. ಅಲ್ಲಿ ಆಳೆತ್ತರದ ಜೊಂಡು ಬೆಳೆಯುತ್ತಿತ್ತು. ಜೊಂಡಿನ ಕಾಳಿನ ರಸ ಹೀರಿ ಬದುಕುವ, ಉಗುರಿನಷ್ಟು ಉದ್ದದ ಕಂದು ತಿಗಣೆ ಅಲ್ಲಿಯ ನಿವಾಸಿ. ಜೊಂಡುತಿಗಣೆ ಎಂದು ಅವನೇ ಇಟ್ಟ ಹೆಸರು. ಹೋದಾಗಲೆಲ್ಲ ಜಾಲರಿ ಡಬ್ಬಿ ತುಂಬ ತಿಗಣೆ ತರುತ್ತಿದ್ದ, ಜೊತೆಗೆ ಒಂದು ಚೀಲ ಕಪ್ಪು ಮಣ್ಣು. ಜಗಳ ಹುಟ್ಟುತ್ತಿದ್ದುದು ಈ ಮಣ್ಣಿನಿಂದ. ಅವಳು ಓವನ್ನಿನ ಬಾಗಿಲು ತೆಗೆಯುವಷ್ಟರಲ್ಲಿ ಅವನು ಒಂದು ಹಿಡಿ ಹಸಿ ಮಣ್ಣನ್ನು ಟ್ರೇಗೆ ಸುರಿದು ಏನೂ ಗೊತ್ತಿಲ್ಲದವನಂತೆ ಸೀಟಿ ಹೊಡೆಯುತ್ತಿದ್ದ.

"ರೀ, ಮತ್ತೆ ಹಾಕಿದ್ರಾ?"

"ಊರಿನ ಮಣ್ಣು ಸೋಕಿದ್ರೆ ಊಟ ಸೇರುತ್ತೆ ಕಣೇ ಅವಕ್ಕೆ."

"ಊಟನೂ ಸೇರುತ್ತೆ, ಬೂಷ್ಟೂ ಸೇರುತ್ತೆ. ಆಚೆ ನಡೀರಿ ಮೊದ್ಲು."

ಅವನಿಗೆ ಅದರ ಹಿಂದೆ ದೊಡ್ಡ ವಿಚಾರವೇನೂ ಇರಲಿಲ್ಲ. ಹೆಂಡತಿಯನ್ನು ರೇಗಿಸುವುದು ಅವನ ಸಂತೋಷ, ಅದಕ್ಕೊಂದು ದಾರಿ ಈ ಮಣ್ಣು. ಒಂದು ಸಲ ಆ ಮಣ್ಣಿನ ಜೊತೆ ನುಸಿ ಬಂದು ಇಡೀ ಒಂದು ಟ್ರೇ ಸತ್ತು ಮಲಗಿತು. ಅವಳು ಎರಡು ದಿನ ಮಾತು ಬಿಟ್ಟಳು. ಅವನು ತಲೆ ತಗ್ಗಿಸಿಕೊಂಡು ಓಡಾಡಿದ, ಇನ್ನು ಮುಟ್ಟುವುದಿಲ್ಲ ಎಂದು ಅವಳ ತಲೆ ಮುಟ್ಟಿ ಆಣೆ ಮಾಡಿದ, ಮುಂದಿನ ಚೀಲ ಬಂದ ದಿನವೇ ಆಣೆ ಮುರಿದ.

ಅವನು ಸತ್ತದ್ದು ಜವುಗಿನಿಂದ ವಾಪಸು ಬರುವಾಗ. ತಿರುವಿನಲ್ಲಿ ಲಾರಿ ಬಂತು. ಸ್ಕೂಟರು ನುಜ್ಜುಗುಜ್ಜಾಯಿತು. ಹಿಂದೆ ಕಟ್ಟಿದ್ದ ಜಾಲರಿ ಡಬ್ಬಿ ಮತ್ತು ಮಣ್ಣಿನ ಚೀಲ ಮಾತ್ರ ಹಗ್ಗ ಕಿತ್ತು ಪಕ್ಕದ ಹುಲ್ಲಿನ ಮೇಲೆ ಬಿದ್ದು ಹಾಗೇ ಉಳಿದಿದ್ದವು. ಕೇಂದ್ರದ ಜೀಪ್ ಡ್ರೈವರ್ ಅವೆರಡನ್ನೂ ಎತ್ತಿ ತಂದು, ಎಲ್ಲಿಡಬೇಕೆಂದು ತೋಚದೆ, ಹುಳದ ಕೋಣೆಯ ಬಾಗಿಲಲ್ಲಿ ಇಟ್ಟ.

ಮನೆ ತುಂಬ ಜನ. ಸೋಪಕ್ಕ ಗೋಡೆಗೆ ಒರಗಿ ಕೂತವಳು ಒಂದು ಹನಿ ಕಣ್ಣೀರು ಹಾಕಲಿಲ್ಲ. ಎಲ್ಲ ಮುಗಿದ ಮಾರನೆಯ ಮಧ್ಯಾಹ್ನ ಆ ಡ್ರೈವರ್ ಬಂದ. ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ಯಾರಿಗೆ ತಿಳಿದಿರುತ್ತದೆ? ಅವನು ಕೈ ಕೈ ಹೊಸೆದು, "ಅಕ್ಕಾ, ಡಬ್ಬಿಗೆ ಏನೂ ಆಗಿಲ್ಲ" ಎಂದ.

ಅವಳು ತಟ್ಟನೆ ತಲೆಯೆತ್ತಿದಳು. "ನೀರಿಟ್ರಾ ಅವಕ್ಕೆ?"

ಯಾರೂ ಇಟ್ಟಿರಲಿಲ್ಲ. ಅವಳು ಎದ್ದು ಹೊರಟೇಬಿಟ್ಟಳು. ಬಂದಿದ್ದ ನೆಂಟರು ಮೂಗಿನ ಮೇಲೆ ಬೆರಳಿಟ್ಟರು. "ಎಂಥ ಎದೆ ಇವಳದು" ಎಂದು ಅತ್ತೆ ಹಾಸಿಗೆಯಲ್ಲಿ ಬಿದ್ದುಕೊಂಡೇ ಕೂಗಿದ್ದು ಬೀದಿಯವರೆಗೂ ಕೇಳಿಸಿತು. ಕೇಳಿಸಿಕೊಂಡೂ ಅವಳು ತಿರುಗಿ ನೋಡಲಿಲ್ಲ.

ಡಬ್ಬಿಯಲ್ಲಿ ತಿಗಣೆಗಳು ಬದುಕಿದ್ದವು, ಅವನು ತನ್ನ ಕೈಯಾರೆ ಕೊಯ್ದು ಇಟ್ಟ ಜೊಂಡಿಗೆ ಅಂಟಿಕೊಂಡಿದ್ದವು. ಅವಳು ನೀರಿಟ್ಟಳು, ಹೊಸ ಟ್ರೇಗೆ ಒಂದೊಂದಾಗಿ ಬಿಟ್ಟಳು. ಆಮೇಲೆ ಮಣ್ಣಿನ ಚೀಲ ಕೈಗೆ ತೆಗೆದುಕೊಂಡಳು. ಅವನಿದ್ದಿದ್ದರೆ ಇಷ್ಟು ಹೊತ್ತಿಗೆ ಒಂದು ಹಿಡಿ ಹಸಿಯದು ಒಳಗೆ ಬಿದ್ದಿರುತ್ತಿತ್ತು. ಅವಳಿಗೆ ಆ ನುಸಿ ನೆನಪಾಯಿತು, ಸತ್ತು ಮಲಗಿದ ಟ್ರೇ ನೆನಪಾಯಿತು. ಇವು ಅವನು ತಂದ ಕೊನೆಯ ತಿಗಣೆಗಳು. ಇವಕ್ಕೆ ಏನಾದರೂ ಆದರೆ? "ಇದೊಂದ್ಸಲ ಬೇಡ ರೀ" ಎಂದು ಬಾಯಿಬಿಟ್ಟು ಹೇಳಿ, ಚೀಲದ ಮಣ್ಣನ್ನೆಲ್ಲ ಓವನ್ನಿಗೆ ಹಾಕಿ, ಉರಿ ಪೂರ್ತಿ ಏರಿಸಿದಳು. ಮಣ್ಣು ಬೇಯುತ್ತಾ ಬಂದಂತೆ ಅವನ ಪ್ಯಾಂಟಿನಿಂದ, ಬೂಟಿನಿಂದ ದಿನಾ ಸಂಜೆ ಬರುತ್ತಿದ್ದ ವಾಸನೆ ಕೋಣೆ ತುಂಬಿತು. ಅವಳು ಅತ್ತದ್ದು ಆಗ, ಓವನ್ನಿನ ಮುಂದೆ ನೆಲದ ಮೇಲೆ ಕೂತು. ನೋಡಿದವರು ಯಾರೂ ಇರಲಿಲ್ಲ, ಹಾಗಾಗಿ ಕಲ್ಲೆದೆಯವಳು ಎಂಬ ಹೆಸರು ಹಾಗೇ ಉಳಿಯಿತು.

ಅಲ್ಲಿಂದ ಮುಂದಕ್ಕೆ ಅವಳ ಬದುಕೆಂದರೆ ಜವುಗಿನ ಟ್ರೇ. ಕೋಣೆಯಲ್ಲಿ ಬೇರೆ ಟ್ರೇಗಳೂ ಇದ್ದವು, ಅವನ್ನು ನೋಡಿಕೊಳ್ಳುವುದು ಕೆಲಸ. ಇದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಮೊಟ್ಟೆಗಳನ್ನು ತೆಳು ಬ್ಲೀಚಿಂಗ್ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದಳು. ಮರಿಯಾದ ಮೇಲೆ ಬೇಯಿಸಿದ ಮಣ್ಣನ್ನು ಜರಡಿ ಹಿಡಿದು ತೆಳ್ಳಗೆ ಹಾಸುತ್ತಿದ್ದಳು. ಗ್ಲೌಸಿನಲ್ಲಿ ಹಿಡಿದರೆ ಎಳೆಯವು ನಜ್ಜುಗುಜ್ಜಾಗುತ್ತವೆಂದು ಬರಿಗೈಯಲ್ಲೇ, ಚರ್ಮ ಬಿರಿಯುವಷ್ಟು ತೊಳೆದ ಬರಿಗೈಯಲ್ಲಿ, ಒಂದೊಂದನ್ನೂ ಎತ್ತಿ ಬೇರೆ ಮಾಡುತ್ತಿದ್ದಳು. ತಲೆಮಾರು ಕಳೆದಂತೆ ಅವು ಸ್ವಲ್ಪ ಸಣ್ಣಗಾದವು, ಬಣ್ಣ ಪೇಲವವಾಯಿತು, ಮರಿ ದೊಡ್ಡದಾಗಲು ಹೆಚ್ಚು ದಿನ ಹಿಡಿಯುತ್ತಿತ್ತು. ಅವಳು ಮೇವು ಹೆಚ್ಚಿಸಿದಳು. ಇನ್ನೂ ಶುಚಿ ಮಾಡಿದಳು.

ಬಾಯಿ ಮಾಡುತ್ತಿದ್ದ ಅತ್ತೆಯೂ ನಿಧಾನವಾಗಿ ದಾರಿಗೆ ಬಂದಳು. ಮಗ ಹೋದ ಮೇಲೆ ಮನೆಯಲ್ಲಿ ಉಳಿದದ್ದು ಈ ಇಬ್ಬರೇ, ಎಷ್ಟು ದಿನ ಅಂತ ಮುಖ ತಿರುಗಿಸಿಕೊಂಡು ಇರುತ್ತಾರೆ? ಒಂದು ಸಂಜೆ ಮುದುಕಿ ಇದ್ದಕ್ಕಿದ್ದಂತೆ, "ಅವನು ತಂದವು ಬದುಕಿದಾವಾ?" ಎಂದಳು.

"ಬದುಕಿದಾವೆ ಅತ್ತೆ. ಅವುಗಳ ಮರಿಮಕ್ಕಳು."

"ಹಾಗಾದ್ರೆ ಸರಿ" ಎಂದು ಅತ್ತೆ ಅವತ್ತು ಎರಡು ತುತ್ತು ಹೆಚ್ಚಿಗೆ ಉಂಡಳು.

ಇಂಥ ದಿನಗಳಲ್ಲಿ ಹೊಸ ಮೇಡಂ ಬಂದರು. ವಯಸ್ಸಿನಲ್ಲಿ ಸೋಪಕ್ಕನಿಗಿಂತ ಬಹಳ ಚಿಕ್ಕವರು, ಆದರೆ ಮೊದಲ ದಿನವೇ ಹೇಳಿಸಿಕೊಳ್ಳದೆ ಮೊಣಕೈವರೆಗೂ ಕೈ ತೊಳೆದರು. ಸೋಪಕ್ಕ ಅಲ್ಲೇ ಸೋತುಹೋದಳು. ಮೇಡಂ ಕಾಲುವೆ ದಂಡೆಯಿಂದ ಒಂದು ಟ್ರೇ, ಹಿಟ್ಟಿನ ಗಿರಣಿಯ ಚರಂಡಿ ಪಕ್ಕದಿಂದ ಒಂದು ಟ್ರೇ ಜೊಂಡುತಿಗಣೆ ತರಿಸಿ ಜವುಗಿನ ಟ್ರೇ ಪಕ್ಕದಲ್ಲಿಟ್ಟರು.

"ಮೂರೂ ಒಂದೇ ಜಾತಿ ಅಕ್ಕಾ. ಮೇಲಿಂದ ನೋಡಿದ್ರೆ ಅಣ್ಣತಮ್ಮಂದಿರು. ಹೊಟ್ಟೆ ಒಳಗಿರೋ ಬ್ಯಾಕ್ಟೀರಿಯಾ ಮಾತ್ರ ಬೇರೆ ಬೇರೆ. ಕಾಲುವೆಯವಕ್ಕೆ ಒಂಥರ, ಚರಂಡಿಯವಕ್ಕೆ ಇನ್ನೊಂಥರ. ಎಲ್ಲಿ ಹುಟ್ಟಿ ಬೆಳೀತಾವೋ ಆ ಜಾಗ ಒಳಗೆ ಹೋಗಿ ಕೂತಿರುತ್ತೆ."

"ಸುಮ್ನೆ ಕೂತಿರುತ್ತಾ, ಬಾಡಿಗೆ ಏನಾದ್ರೂ ಕೊಡುತ್ತಾ?"

ಮೇಡಂ ನಕ್ಕರು. "ಕೊಡುತ್ತೆ. ತಿಂದಿದ್ದು ಅರಗಿಸಿಕೊಡುತ್ತೆ, ವಿಷ ಮುರಿಯುತ್ತೆ, ಮೈ ಬೆಳೆಸುತ್ತೆ. ಒಳಗಿನವರು ಇಲ್ದೆ ಇವುಗಳ ಸಂಸಾರ ನಡೆಯೋದು ಕಷ್ಟ." ಆಮೇಲೆ ಅವರ ಮುಖ ಗಂಭೀರವಾಯಿತು. "ಜವುಗನ್ನ ಮುಚ್ಚಿಬಿಟ್ಟಿದಾರಂತೆ, ಗೊತ್ತಾ? ಮಣ್ಣು ಹೊಡೆದು ಗೋದಾಮು ಕಟ್ತಿದಾರಂತೆ. ನಿಮ್ಮ ಟ್ರೇಲಿರೋ ಹುಳಗಳ ಹೊಟ್ಟೇಲಿ ಜವುಗು ಉಳಿದಿದ್ರೆ, ಅದು ಉಳಿದಿರೋದು ಅಲ್ಲಿ ಮಾತ್ರ."

ಇದರ ಹಿಂದೆಯೇ ಇನ್ನೊಂದು ಸುದ್ದಿ ಬಂತು. ಕೇಂದ್ರ ಹೊಸ ಕಟ್ಟಡಕ್ಕೆ ಹೋಗುತ್ತದೆ, ಅಲ್ಲಿ ಹುಳದ ಕೋಣೆ ಇದರ ಅರ್ಧದಷ್ಟಿದೆ. ಯಾವ ಟ್ರೇ ಹೋಗಬೇಕು, ಯಾವುದು ಬೇಡ ಎಂದು ಹೇಳುವ ಹೊಣೆ ಮೇಡಂ ತಲೆ ಮೇಲೆ ಬಿತ್ತು. ಬೇಡವಾದದ್ದನ್ನು ಹೊರಗೆ ಬಿಡುವಂತಿಲ್ಲ. ಕೋಣೆಯಲ್ಲಿ ಬೆಳೆದದ್ದು ಬಯಲಿನ ಹುಳಗಳ ಜೊತೆ ಬೆರೆತರೆ ಏನೇನು ಅಂಟಿಸುತ್ತದೋ, ಅದಕ್ಕೆ ಫ್ರೀಜರಿನಲ್ಲಿ ಕೊಲ್ಲಬೇಕು. ಒಳಗೆ ಬಂದದ್ದು ಜೀವಂತ ಹೊರಗೆ ಹೋಗಬಾರದು ಎಂಬುದನ್ನು ಕೆಸರಣ್ಣನೂ ಒಪ್ಪಿದ್ದ, ಅವನು ಮುರಿಯದೆ ಬಿಟ್ಟ ನಿಯಮವೆಂದರೆ ಅದೊಂದೇ.

"ಜವುಗಿನ ಟ್ರೇಗೆ ಮೊದಲನೇ ಜಾಗ ಅಕ್ಕಾ, ಅದರೊಳಗೆ ಜವುಗು ಇದ್ರೆ. ಒಂದ್ಸಲ ಪರೀಕ್ಷೆ ಮಾಡ್ಬೇಕು."

"ಇದ್ರೆ ಅಂದ್ರೆ?" ಸೋಪಕ್ಕನಿಗೆ ಸಿಟ್ಟೇ ಬಂತು. "ಹೊರಗಿನ ಒಂದು ಧೂಳಿನ ಕಣ ಬಿಟ್ಟಿಲ್ಲ ಮೇಡಂ ನಾನು. ನಮ್ಮವರು ತಂದಾಗ ಹೇಗಿದ್ವೋ ಹಾಗೇ ಇವೆ. ಮಾಡಿ ನಿಮ್ಮ ಪರೀಕ್ಷೆ."

ಪರೀಕ್ಷೆಗೆ ಹುಳಗಳನ್ನು ಅವಳೇ ಆರಿಸಿ ಕೊಟ್ಟಳು, ಚೆನ್ನಾಗಿ ಬೆಳೆದವನ್ನೇ ನೋಡಿ. ಮನೆಯಲ್ಲಿ ಅತ್ತೆಗೆ ಹೇಳಿದಳು. ಅತ್ತೆಗೆ ಬ್ಯಾಕ್ಟೀರಿಯಾ ಎಂದರೆ ರೋಗ, ಅದು ಇರಬೇಕು ಎಂದು ಯಾರಾದರೂ ಬಯಸುವುದು ಅವಳ ತಲೆಗೆ ಹೋಗಲಿಲ್ಲ. ಮಗ ಓಡಾಡಿದ ಜಾಗ ಹುಳದ ಹೊಟ್ಟೆಯಲ್ಲಿದೆ ಎಂದಷ್ಟು ಮಾತ್ರ ಹಿಡಿದುಕೊಂಡಳು. ಅಷ್ಟೇ ಸೊಸೆಯೂ ಹಿಡಿದುಕೊಂಡದ್ದು. ಅವಳು ಆ ಜವುಗನ್ನು ಒಮ್ಮೆಯೂ ನೋಡಿರಲಿಲ್ಲ. "ಬಾರೇ ಒಂದ್ಸಲ, ಜೊಂಡಿನೊಳಗೆ ಗಾಳಿ ಬೀಸಿದ್ರೆ ಹೇಗಿರುತ್ತೆ ಗೊತ್ತಾ" ಎಂದು ಅವನು ಎಷ್ಟು ಕರೆದರೂ, "ಬಟ್ಟೆ ಒಗೆಯೋರು ನೀವಾ?" ಎಂದು ತಳ್ಳಿಹಾಕಿದ್ದಳು. ಹೋಗಬಹುದಿತ್ತು. ಒಂದು ಬಟ್ಟೆ ಒಗೆಯುವುದು ಎಷ್ಟರ ಕೆಲಸ? ಈಗ ಆ ಜವುಗು ತನ್ನ ಕೋಣೆಯಲ್ಲೇ, ತನ್ನ ಕೈಯಲ್ಲೇ ಇದೆ ಎನ್ನುವುದು ಅವಳಿಗೆ ಸಿಕ್ಕ ಒಂದೇ ಸಮಾಧಾನವಾಗಿತ್ತು.

ಫಲಿತಾಂಶ ಬಂದ ದಿನ ಮೇಡಂ ಅವಳನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು. ಎರಡು ಕುರ್ಚಿ, ಒಂದು ಮೇಜು, ಮೇಜಿನ ಮೇಲೆ ಕಂಪ್ಯೂಟರು. ಪರದೆಯ ಮೇಲೆ ಬಣ್ಣಬಣ್ಣದ ಕಂಬಗಳಿದ್ದವು. ಮೇಡಂ ಒಂದೊಂದನ್ನೇ ತೋರಿಸಿದರು: ಇದು ಕಾಲುವೆ, ಇದು ಚರಂಡಿ, ಇದು ಕೆಸರಣ್ಣ ಹಿಂದೆ ಜವುಗಿನಿಂದ ತಂದು ಸ್ಪಿರಿಟ್ಟಿನಲ್ಲಿ ಹಾಕಿಟ್ಟಿದ್ದ ಹುಳ, ಇದು ನಿಮ್ಮ ಟ್ರೇ. ಸ್ಪಿರಿಟ್ಟಿನ ಹುಳದ ಕಂಬದಲ್ಲಿ ಅರ್ಧಕ್ಕರ್ಧ ನೀಲಿ ಇತ್ತು, ಅದು ಜವುಗಿನ ಬ್ಯಾಕ್ಟೀರಿಯಾ. ಸೋಪಕ್ಕ ತನ್ನ ಟ್ರೇಯ ಕಂಬವನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದಳು.

"ನೀಲಿ ಎಲ್ಲಿ ಮೇಡಂ?"

"ಇಲ್ಲ ಅಕ್ಕಾ."

"ಇನ್ನೊಂದ್ಸಲ ನೋಡಿ. ನಾನು ಬೇಕಾದ್ರೆ ಬೇರೆ ಹುಳ ಕೊಡ್ತೀನಿ."

"ಮೂರು ಸಲ ನೋಡಿದೆ." ಮೇಡಂ ಕುರ್ಚಿ ಹತ್ತಿರ ಎಳೆದುಕೊಂಡರು. "ಮರಿಗಳಿಗೆ ಯಾವ ಮಣ್ಣು ಹಾಕ್ತಿದ್ರಿ?"

"ಜವುಗಿಂದೇ!" ಸೋಪಕ್ಕನಿಗೆ ಜೀವ ಬಂದಂತಾಯಿತು. "ಅವರು ಕೊನೇಲಿ ತಂದ ಚೀಲದ್ದು. ಬೇರೆ ಮಣ್ಣು ಸೋಕಿಸಿಲ್ಲ."

"ಹಾಗೇ ಹಾಕಿದ್ರಾ?"

"ಹಾಗೇ ಹಾಕ್ತೀನಾ? ಚೆನ್ನಾಗಿ ಬೇಯಿಸಿ ಹಾಕಿದೆ."

ಮೇಡಂ ಕಂಪ್ಯೂಟರಿನ ಪರದೆ ಆರಿಸಿದರು. ಹೇಳದೆ ಬಿಡಬಹುದಿತ್ತೇನೋ, ಆದರೆ ಎದುರಿಗಿದ್ದವಳು ಸುಳ್ಳಿಗೆ ಸಮಾಧಾನ ಆಗುವವಳಲ್ಲ ಎಂದು ಅವರಿಗೆ ಗೊತ್ತಿತ್ತು. ಕೆಲವು ತಿಗಣೆಗಳು ತಾಯಿಯಿಂದಲೇ ಬ್ಯಾಕ್ಟೀರಿಯಾ ಪಡೆಯುತ್ತವೆ, ಈ ಜಾತಿ ಹಾಗಲ್ಲ ಎಂದರು. ಮರಿ ಮೊದಲ ಸಲ ಪೊರೆ ಬಿಟ್ಟ ಮೇಲೆ ಮಣ್ಣಿನಿಂದಲೇ ಅದನ್ನು ಒಳಗೆ ತೆಗೆದುಕೊಳ್ಳುತ್ತದೆ. ತಾಯಿಗೆ ಇದ್ದರೂ ಮಗುವಿಗೆ ಬರುವುದಿಲ್ಲ, ಪ್ರತಿ ತಲೆಮಾರೂ ತಾನೇ ಹೊಸದಾಗಿ ಮಣ್ಣಿನಿಂದ ಎತ್ತಿಕೊಳ್ಳಬೇಕು. ಮಣ್ಣು ಬೆಂದರೆ ಅದರಲ್ಲಿ ಎತ್ತಿಕೊಳ್ಳಲು ಏನೂ ಇರುವುದಿಲ್ಲ.

"ನೀವು ತಪ್ಪು ಮಾಡಿಲ್ಲ ಅಕ್ಕಾ. ನಿಯಮ ಇದ್ದಿದ್ದೇ ಹಾಗೆ. ಆಗ ಯಾರಿಗೂ ಇದು ಗೊತ್ತಿರಲಿಲ್ಲ."

ಸೋಪಕ್ಕನಿಗೆ ಆ ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಒಂದು ಹಿಡಿ. ಸೀಟಿ ಹೊಡೆಯುತ್ತಾ ಅವನು ಸುರಿಯುತ್ತಿದ್ದ ಒಂದು ಹಿಡಿ. ಅವನಿದ್ದಾಗ ಬೈದು ಬೈದು ತಡೆಯಲಾಗದ್ದನ್ನು ಅವನು ಹೋದ ಬೆನ್ನಲ್ಲೇ ತಡೆದಿದ್ದಳು. ಅವನ ಹುಳ ಉಳಿಯಲಿ ಎಂದೇ ತಡೆದಿದ್ದಳು.

"ಹಾಗಾದ್ರೆ ಈಗ ಅವುಗಳ ಹೊಟ್ಟೇಲಿ ಏನಿದೆ?"

"ಕೋಣೇಲಿರೋದು. ಗಾಳೀಲಿರೋದು. ಜಾಸ್ತಿ ಇರೋದು..." ಮೇಡಂ ಮಾತು ಹುಡುಕಿದರು. "ಮನುಷ್ಯರ ಚರ್ಮದ ಮೇಲಿರೋ ಥರದ್ದು. ಅವನ್ನ ಮುಟ್ಟೋರು ನೀವೊಬ್ರೇ ಅಲ್ವಾ. ನಿಮ್ಮ ಕೈದೇ ಇರಬೇಕು."

ಅವಳು ಎರಡೂ ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡಳು. ಊರವರನ್ನೆಲ್ಲ ನಲ್ಲಿಯ ಮುಂದೆ ನಿಲ್ಲಿಸಿದವಳಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿರಲಿಲ್ಲ. ಎದ್ದು ಹೊರಗೆ ಬಂದಳು.

ಮೇಡಂ ಕೈಬಿಡಲಿಲ್ಲ. ಜವುಗಿನ ಅಂಚಿನಲ್ಲಿ ಎಲ್ಲಾದರೂ ಒಂದು ಬೊಗಸೆ ಹಳೆಯ ಮಣ್ಣು ಉಳಿದಿದ್ದರೆ ಮರಿಗಳಿಗೆ ಹಾಕಿ ನೋಡಬಹುದು ಎಂದರು. ಮಾರನೆಯ ದಿನ ಅದೇ ಡ್ರೈವರಿನ ಜೀಪಿನಲ್ಲಿ ಇಬ್ಬರೂ ಹೊರಟರು. ಸೋಪಕ್ಕ ದಾರಿಯುದ್ದಕ್ಕೂ ಖಾಲಿ ಚೀಲವನ್ನು ಮಡಿಲಲ್ಲಿ ಹಿಡಿದು ಕೂತಿದ್ದಳು. ಕೆಸರಣ್ಣ ಸತ್ತ ತಿರುವಿನ ಹತ್ತಿರ ಡ್ರೈವರ್ ಗಾಡಿ ನಿಧಾನ ಮಾಡಿ ಮುಂದೆ ಹೋದ.

ಜವುಗು ಇದ್ದ ಕಡೆ ಕಾಂಪೌಂಡು ಎದ್ದಿತ್ತು. ಒಳಗೆ ಸಿಮೆಂಟಿನ ಅಂಗಳ, ಸಾಲಾಗಿ ನಿಂತ ವ್ಯಾನುಗಳು, ತಗಡಿನ ಗೋದಾಮು. ಗೇಟಿನವನಿಗೆ ಜವುಗು ಎಂದರೆ ಅರ್ಥವಾಗಲಿಲ್ಲ. "ನೀರಾ? ಹಿಂದುಗಡೆ ಇದೆ, ನೋಡ್ಕೊಳಿ" ಎಂದ. ಹಿಂದುಗಡೆ ಇದ್ದದ್ದು ಮೋರಿ, ಅದರ ಮೇಲೆ ಎಂಜಿನ್ ಎಣ್ಣೆಯ ಪೊರೆ. ಜೊಂಡಿನ ಒಂದು ಕಡ್ಡಿಯೂ ಇರಲಿಲ್ಲ. ಸೋಪಕ್ಕ ಚಪ್ಪಲಿ ಬಿಟ್ಟು ಮೋರಿಗೆ ಇಳಿದಳು. ಬೇಡ ಅಕ್ಕಾ ಎಂದು ಮೇಡಂ ಕೂಗಿದರು. ಅವಳು ಮೊಣಕೈವರೆಗೆ ಕೈ ಹಾಕಿ ತಳದಿಂದ ಒಂದು ಬೊಗಸೆ ಎತ್ತಿ ತೋರಿಸಿದಳು. ಜಲ್ಲಿಪುಡಿ, ಸಿಮೆಂಟು. ಮೇಡಂ ತಲೆಯಾಡಿಸಿದರು. ಎಷ್ಟೋ ವರ್ಷ ಅವನು ಕರೆದರೂ ಬಾರದವಳು ಕೊನೆಗೂ ಬಂದು, ನಿಂತಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಈ ಸಲ ನೋಡುವವರಿದ್ದರು. ಡ್ರೈವರ್ ಅವಳ ಕೈ ಹಿಡಿದು ಮೇಲೆ ಹತ್ತಿಸಿ, ಜೀಪಿನಲ್ಲಿದ್ದ ಬಾಟಲಿಯ ನೀರನ್ನೆಲ್ಲ ಅವಳ ಕಾಲಿಗೆ ಹೊಯ್ದ.

ವಾಪಸು ಬರುವಾಗ ಅವಳು ಒಂದೇ ಒಂದು ಮಾತು ಕೇಳಿದಳು. "ಮನೆಗೆ ತಗೊಂಡು ಹೋಗ್ಲಾ ಮೇಡಂ? ಒಂದು ಮೂಲೇಲಿ ಇರ್ತಾವೆ."

"ನನ್ನ ಕೈಲಿಲ್ಲ ಅಕ್ಕಾ." ಮೇಡಂ ಕಣ್ಣಲ್ಲೂ ನೀರಿತ್ತು. "ನಿಮಗೆ ಕಷ್ಟ ಆದ್ರೆ ನಾನೇ ಫ್ರೀಜರಿಗೆ ಹಾಕ್ತೀನಿ."

"ಬೇಡ. ನಾನೇ ಹಾಕ್ತೀನಿ."

ಅತ್ತೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮಣ್ಣು ಬೇಯಿಸಿದ್ದನ್ನೂ ಮುಚ್ಚಿಡಲಿಲ್ಲ. ಬೈದುಬಿಡಲಿ, ಕೂಗಾಡಲಿ ಎಂದು ಕಾದಳು. ಮುದುಕಿ ಬೈಯಲಿಲ್ಲ.

"ಅಂದ್ರೆ ಅವನದು ಅಂತ ಏನೂ ಇಲ್ಲ ಅವುಗಳಲ್ಲಿ."

"ಇಲ್ಲ ಅತ್ತೆ."

"ಹಾಗಾದ್ರೆ ಬಿಡು. ಅವನದಲ್ಲದ್ದಕ್ಕೆ ಯಾಕೆ ಹೊಟ್ಟೆ ಉರಿಸ್ಕೋತೀಯ. ಹಾಕಿಬಿಡು ಅತ್ಲಾಗೆ." ಹೀಗೆಂದು ಗೋಡೆ ಕಡೆ ತಿರುಗಿ ಮಲಗಿದಳು. ಹೊದಿಕೆಯೊಳಗೆ ಅವಳ ಹೆಗಲು ಅಲುಗುತ್ತಿದ್ದುದನ್ನು ಸೊಸೆ ನೋಡಿದರೂ ನೋಡದವಳಂತೆ ದೀಪ ಆರಿಸಿದಳು.

ಬೆಳಗ್ಗೆ ಕೇಂದ್ರಕ್ಕೆ ಹೋಗುವಾಗ ಅವಳು ಅದೇ ಮಾತನ್ನು ಹಿಡಿದುಕೊಂಡಿದ್ದಳು. ಅವನದಲ್ಲ, ಅವನದಲ್ಲ. ಮನಸ್ಸನ್ನು ಕಲ್ಲು ಮಾಡಿಕೊಳ್ಳಲು ಅದು ಸಹಾಯಕ್ಕೂ ಬಂತು. ಅಗಲ ಬಾಯಿಯ ಜಾಡಿ ತೆಗೆದಳು, ಜವುಗಿನ ಟ್ರೇಯ ಜಾಲರಿ ಸರಿಸಿದಳು, ಒಂದೊಂದಾಗಿ ಎತ್ತಿ ಹಾಕಿದಳು. ಕೆಲಸ ಬೇಗ ಆಯಿತು. ಬೆರಳು ಚಾಚಿದರೆ ಸಾಕು, ತಿಗಣೆಗಳು ತಾವಾಗಿ ಹತ್ತುತ್ತಿದ್ದವು. ಜಾಡಿಯ ಮುಚ್ಚಳ ಹಾಕಿ, ಫ್ರೀಜರಿನಲ್ಲಿಟ್ಟು, ಬಾಗಿಲು ಒತ್ತಿದಳು. ಅವಳು ಅಳಲಿಲ್ಲ.

ಆಮೇಲೆ ಉಳಿದ ಹುಳಗಳಿಗೆ ನೀರು ಇಡಬೇಕಲ್ಲ. ಕಾಲುವೆಯ ಟ್ರೇ ತೆಗೆದಳು. ಒಳಗೆ ಕೈ ಹೋದದ್ದೇ ತಡ, ತಿಗಣೆಗಳು ದಿಕ್ಕಾಪಾಲಾಗಿ ಓಡಿದವು. ಕೆಲವು ಜೊಂಡಿನಿಂದ ಕೆಳಕ್ಕೆ ಉದುರಿ ಸತ್ತಂತೆ ಬಿದ್ದವು, ಒಂದು ಮೂಲೆ ಸೇರಿ ಗಬ್ಬು ಬಿಟ್ಟಿತು. ಚರಂಡಿಯ ಟ್ರೇಯಲ್ಲೂ ಇದೇ ಗಲಾಟೆ. ಇದೇನೂ ಹೊಸದಲ್ಲ, ದಿನಾ ನಡೆಯುವುದೇ. ಇವು ಪುಂಡರು, ಜವುಗಿನವು ಸಾಧು ಎಂದು ಅವಳು ಇಷ್ಟು ದಿನ ಅಂದುಕೊಂಡಿದ್ದಳು. ಜವುಗಿನವಕ್ಕೆ ಅವನ ಗುಣ ಎಂದೂ ಒಮ್ಮೊಮ್ಮೆ ನಕ್ಕಿದ್ದಳು.

ನೀರಿನ ಪಾತ್ರೆ ಕೈಯಲ್ಲೇ ಉಳಿಯಿತು. ಜವುಗಿನ ತಿಗಣೆಗಳೂ ಬಂದ ಹೊಸದರಲ್ಲಿ ಹೀಗೇ ಓಡುತ್ತಿದ್ದವು. ಡಬ್ಬಿಯಿಂದ ಟ್ರೇಗೆ ಬಿಡುವಾಗ ಎಷ್ಟು ಓಡಿಸಿದ್ದವು! ಬೆರಳಿಗೆ ತಾವಾಗಿ ಹತ್ತುವವು ಇಲ್ಲಿ ಹುಟ್ಟಿದವು. ಈ ಕೋಣೆ ಬಿಟ್ಟು ಅವುಗಳಿಗೆ ಬೇರೆ ಊರಿಲ್ಲ, ಈ ಕೈ ಬಿಟ್ಟು ಬೇರೆ ಮಣ್ಣಿಲ್ಲ. ಅವುಗಳ ಮೈಮೇಲೂ ಇದೇ ಕೈ, ಹೊಟ್ಟೆಯೊಳಗೂ ಇದೇ ಕೈ. ಅವನ ನೆನಪೆಂದು ಸಾಕುತ್ತಾ, ಅವನವೆಂದು ಮುದ್ದು ಮಾಡುತ್ತಾ, ಅವುಗಳನ್ನು ಅವುಗಳಿಗಾಗಿ ಅವಳು ಒಮ್ಮೆಯೂ ನೋಡಿರಲಿಲ್ಲ.

ಅವಳು ಪಾತ್ರೆ ಎಸೆದು ಓಡಿದಳು.

ಸದ್ದು ಕೇಳಿ ಮೇಡಂ ಬಂದಾಗ ಫ್ರೀಜರಿನ ಬಾಗಿಲು ಹಾರು ಹೊಡೆದಿತ್ತು. ಸೋಪಕ್ಕ ನೆಲದ ಮೇಲೆ ಕೂತು, ಜಾಡಿಯನ್ನು ಸೆರಗಿನೊಳಗೆ ಹೊಟ್ಟೆಗೆ ಒತ್ತಿಕೊಂಡು, ಎರಡೂ ಕೈಯಲ್ಲಿ ಗಸಗಸ ಉಜ್ಜುತ್ತಿದ್ದಳು. ಮಂಜು ಕರಗಿ ಗಾಜು ತಿಳಿಯಾಗಿತ್ತು. ಒಳಗೆ ಒಂದೂ ಮಿಸುಕುತ್ತಿರಲಿಲ್ಲ.

"ಅಕ್ಕಾ, ಅವು ಅವರವಲ್ಲ ಅಂತ ಗೊತ್ತಾಯ್ತಲ್ಲ" ಎಂದು ಮೇಡಂ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟರು.

"ಹೂಂ ಮೇಡಂ, ಅವರವಲ್ಲ" ಎಂದಳು ಸೋಪಕ್ಕ, ಉಜ್ಜುವುದನ್ನು ನಿಲ್ಲಿಸದೆ. "ನನ್ನವು. ನನ್ನವಾಗಿದ್ವು."